ಬಾಯಿ ಮುಚ್ಚಿಕೊಂಡ ಮೆಷಿನ್ನು

ನನ್ನ ಗಂಡನ ಅಣ್ಣನಿಗೆ, ಅಂದರೆ ನಮ್ಮ ಭಾವನಿಗೆ, ಗೊತ್ತಿರುವ ಮಂತ್ರ ಒಂದೇ: ಜೋರು. ಕಾರು ಜೋರಾಗಿ ಓಡಬೇಕು, ಟೀವಿ ಜೋರಾಗಿ ಕೂಗಬೇಕು, ಟೀ ಕುಡಿದರೂ ಪಕ್ಕದ ಮನೆಗೆ ಕೇಳುವಷ್ಟು ಜೋರಾಗಿ ಸೊರ್ ಎನ್ನಬೇಕು. ಅಂಥವರ ಕಣ್ಣಿಗೆ ನಾವು ತಯಾರಿಸುವ ಮೆಷಿನ್ನು ನಿಧಾನವಾಗಿ ಕಂಡದ್ದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಅದನ್ನು ಜೋರು ಮಾಡಲು ಅವರೇ ಕೈಹಾಕಿದರಲ್ಲ, ಅದೂ ನಾನು ಬೇಡ ಎಂದ ಮೇಲೂ, ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಮೆಷಿನ್ನು ಎಂದರೆ ಮಲಗಿದ ರೋಗಿಯನ್ನು ಕಾಯುವ ಮೆಷಿನ್ನು. ಬೆರಳಿಗೆ ಒಂದು ಕ್ಲಿಪ್ಪು, ಕ್ಲಿಪ್ಪಿನಿಂದ ಒಂದು ವೈರು, ವೈರಿನ ಕೊನೆಗೆ ಒಂದು ಡಬ್ಬ. ಡಬ್ಬದ ಪರದೆಯ ಮೇಲೆ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎನ್ನುವ ಸಂಖ್ಯೆ, ಅದರ ಕೆಳಗೆ ಏರಿಳಿಯುವ ಹಸಿರು ಗೆರೆ. ಸಂಖ್ಯೆ ಇಳಿದರೆ ಮೆಷಿನ್ನು ಕೂಗುತ್ತದೆ. ಕ್ಲಿಪ್ಪು ಬೆರಳಿನಿಂದ ಜಾರಿದರೂ ಕೂಗುತ್ತದೆ, ಏಕೆಂದರೆ ಕ್ಲಿಪ್ಪೇ ಇಲ್ಲದ ಮೇಲೆ ಅದು ಕಾಯುವುದಾದರೂ ಏನನ್ನು? ಆ ಕೂಗು ಕೇಳಿದರೆ ಬೀದಿಯ ಆಚೆ ಬದಿಯ ದರ್ಜಿ ಕತ್ತರಿ ಕೆಳಗಿಟ್ಟು ನಮ್ಮ ಕಿಟಕಿಯತ್ತ ಕಣ್ಣು ಕೆಂಪಗೆ ಮಾಡಿಕೊಂಡು ನೋಡುತ್ತಾನೆ.

ಕೆಳಗಡೆ ವರ್ಕ್‌ಶಾಪು, ಮೇಲುಗಡೆ ಮನೆ. ಮೆಟ್ಟಿಲು ಹತ್ತಿದ ಕೂಡಲೇ ಸಿಗುವ ಕೋಣೆ ನಮ್ಮ ಮಾವನದು. ಈ ಮೆಷಿನ್ನನ್ನು ಮೊಟ್ಟಮೊದಲು ಮಾಡಿದವರು ಅವರೇ. ಈಗ ಅದೇ ಮೆಷಿನ್ನಿಗೆ ಅವರೇ ರೋಗಿ. ನಿದ್ದೆ ಹತ್ತಿದ ಮೇಲೆ ಅವರ ಉಸಿರು ಒಮ್ಮೊಮ್ಮೆ ನಿಂತುಬಿಡುತ್ತದೆ. ಯಾರಾದರೂ ಅಲುಗಾಡಿಸಿ ಎಬ್ಬಿಸಿದರೆ ಮತ್ತೆ ಶುರುವಾಗುತ್ತದೆ, ಎಬ್ಬಿಸದಿದ್ದರೆ ಇಲ್ಲ. ಕ್ಲಿಪ್ಪು ಹಾಕದೆ ಕಣ್ಣು ಮುಚ್ಚಲೇಬೇಡಿ ಎಂದು ಡಾಕ್ಟರು ಕೈಮುಗಿದು ಹೇಳಿ ಹೋಗಿದ್ದರು. ಹಾಸಿಗೆಯ ಪಕ್ಕದಲ್ಲಿ ಇಟ್ಟಿರುವುದು ಅವರು ಕೈಯಾರೆ ಜೋಡಿಸಿದ ಹಳೆಯ ಡಬ್ಬವೇ. ಹೊಸದು ಇಡುತ್ತೇವೆ ಎಂದರೆ, "ನನ್ನ ಹೆಣದ ಮೇಲೆ ಇಡಿ" ಎಂದರು.

ನನಗೂ ಅವರಿಗೂ ಮೊದಲಿನಿಂದಲೂ ಆಗಿಬರುವುದಿಲ್ಲ. ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲೇ ಅವರು ಬರೆದಿಟ್ಟಿದ್ದ ಪ್ರೋಗ್ರಾಮನ್ನು ನೋಡಿ, ಬಂದ ನೆಂಟರ ಮುಂದೆ, "ಇದೇನು ಮಾವ, ಬೆಕ್ಕು ಆಡಿದ ನೂಲಿನುಂಡೆ ಥರ ಇದೆ" ಎಂದುಬಿಟ್ಟಿದ್ದೆ. ಆಮೇಲೆ ಅದನ್ನೆಲ್ಲ ಅಳಿಸಿ ಹೊಸದಾಗಿ ಬರೆದೆ. ಅವರು ನನ್ನನ್ನು ಕ್ಷಮಿಸಲಿಲ್ಲ, ನಾನು ಕೇಳಲೂ ಇಲ್ಲ. ಯಾರು ಏನು ಹೇಳಿದರೂ ನಾನು ಮೊದಲು ಬೇಡ ಎನ್ನುತ್ತೇನಂತೆ, ಅದಕ್ಕೆ ಅವರು ನನಗಿಟ್ಟ ಹೆಸರು ಬ್ರೇಕಮ್ಮ. ಮೆಷಿನ್ನಿಗೆ ಇಟ್ಟ ಹೆಸರು ಗೂಬೆ.

ಮಧ್ಯಾಹ್ನ ಊಟಕ್ಕೆ ಮುಂಚೆ ಅವರು ಒಂದು ನಿದ್ದೆ ತೆಗೆಯುತ್ತಾರೆ. ಮಲಗುವ ಮುಂಚೆ ಮಾಡುವ ಮೊದಲ ಕೆಲಸ ಕ್ಲಿಪ್ಪು ಕಿತ್ತು ಬಿಸಾಡುವುದು. ಗೂಬೆ ಕೂಗುತ್ತದೆ. ಅಡುಗೆಮನೆಯಿಂದ ಭಾವನ ಹೆಂಡತಿ ಓಡುತ್ತಾರೆ, ಇಲ್ಲವೇ ಕೆಳಗಿನಿಂದ ನಾನು ಓಡುತ್ತೇನೆ. ಇದು ದಿನಾ ನಡೆಯುವ ನಾಟಕ.

"ಮಾವ, ಕ್ಲಿಪ್ ಹಾಕ್ಕೊಳ್ಳಿ."

"ಬೆರಳು ತುರಿಸ್ತಿದೆ."

"ಇನ್ನೊಂದು ಬೆರಳಿಗೆ ಹಾಕ್ಕೊಳ್ಳಿ. ದೇವರು ಹತ್ತು ಕೊಟ್ಟಿದಾನೆ."

"ನೀನು ಬರೆದ ಪ್ರೋಗ್ರಾಮು ಥೇಟ್ ನಿನ್ನ ಥರಾನೇ ಕಿರುಚುತ್ತೆ ಕಣೇ."

"ನಾನು ಬರೆದಿದ್ದಕ್ಕೇ ಕಿರುಚೋದು. ನೀವು ಬರೆದಿದ್ದಾಗಿದ್ರೆ ನಿಮಗಿಂತ ಮೊದಲು ಅದೇ ಗೊರಕೆ ಹೊಡೀತಿತ್ತು."

ಅವರು ಹಲ್ಲು ಕಡಿಯುತ್ತಾರೆ, ಆದರೆ ಬೆರಳು ಚಾಚುವುದಿಲ್ಲ. ಕ್ಲಿಪ್ಪನ್ನು ನನ್ನ ಕೈಯಿಂದ ಕಿತ್ತುಕೊಂಡು ತಾವೇ ಹಾಕಿಕೊಳ್ಳುತ್ತಾರೆ. ನನ್ನ ಕೈ ಅವರ ಬೆರಳಿಗೆ ತಾಗಬಾರದು, ಅಷ್ಟು ಹಟ.

ಇನ್ನು ನನ್ನ ಕೆಲಸ. ನಾವು ಬರೆದ ಪ್ರೋಗ್ರಾಮು ಪ್ರೊಸೆಸರಿಗೆ ನೇರವಾಗಿ ಅರ್ಥವಾಗುವುದಿಲ್ಲ. ಅದನ್ನು ಪ್ರೊಸೆಸರಿನ ಅಪ್ಪಣೆಗಳಾಗಿ ಇಳಿಸಿಕೊಡುವುದು ಕಂಪೈಲರ್. ಹೇಗೆ ಇಳಿಸಬೇಕು, ಎಷ್ಟು ವೇಗಕ್ಕೆ, ಯಾವ ಪ್ರೊಸೆಸರಿಗೆ ಎಂದು ಹೇಳುವ ಸೆಟ್ಟಿಂಗುಗಳನ್ನು ಆರಿಸುವವಳು ನಾನು. ನಮ್ಮ ಡಬ್ಬಗಳಲ್ಲಿ ಒಂದೇ ಜಾತಿಯ ಪ್ರೊಸೆಸರ್ ಇಲ್ಲ. ಮಾವನ ಕೋಣೆಯದು ಮುದಿಯದು. ಈಚಿನವು ಚುರುಕಾದವು, ಮುದಿಯದು ಕಿವಿಯಲ್ಲೂ ಕೇಳದ ಅಪ್ಪಣೆಗಳನ್ನು ಅವು ಲೀಲಾಜಾಲವಾಗಿ ಮಾಡಿಬಿಡುತ್ತವೆ. ಹಾಗೆಂದು ಚುರುಕಿನವಕ್ಕೆ ಮಾತ್ರ ಅರ್ಥವಾಗುವ ಹಾಗೆ ಇಳಿಸಿದರೆ ಮುದಿಯದು ಅಲ್ಲೇ ಕುಸಿದುಬೀಳುತ್ತದೆ. ಅದಕ್ಕೇ ನನ್ನ ಸೆಟ್ಟಿಂಗು ಮೂರೇ ಮಾತಿನದು. ಎಲ್ಲರಿಗೂ ಮುದಿಯದಕ್ಕೆ ಗೊತ್ತಿರುವ ಅಪ್ಪಣೆಗಳಲ್ಲೇ ಹೇಳು. ವೇಗ ಎರಡನೆಯ ಮಟ್ಟಕ್ಕೆ ಸಾಕು. ಲೆಕ್ಕದ ತಂಟೆಗೆ ಹೋಗಬೇಡ.

ಒಂದು ದೊಡ್ಡ ಆಸ್ಪತ್ರೆ ನಮ್ಮ ಮೆಷಿನ್ನುಗಳನ್ನು ವಾರ್ಡು ವಾರ್ಡಿಗೂ ಹಾಕಿಸುತ್ತೇನೆಂದು ಬಂದಾಗ ತಕರಾರು ಶುರುವಾಯಿತು. ಅವರು ಇನ್ನಾರದೋ ಮೆಷಿನ್ನು ನೋಡಿದ್ದರಂತೆ. ಅದರಲ್ಲಿ ಹಸಿರು ಗೆರೆ ನೀರು ಹರಿದ ಹಾಗೆ ಹೋಗುತ್ತದಂತೆ, ನಮ್ಮದು ಕುಂಟುತ್ತದಂತೆ. ಭಾವ ಅಲ್ಲಿಂದ ಬಂದವರೇ ಬ್ಯಾಗನ್ನು ನನ್ನ ಮೇಜಿನ ಮೇಲೆ ಕುಕ್ಕಿದರು.

"ನಮ್ದು ಎಷ್ಟು ನಿಧಾನ ಗೊತ್ತಾ? ರೋಗಿ ಡಿಸ್ಚಾರ್ಜ್ ಆಗಿ ಮನೆಗೆ ಹೋಗಿ ಸ್ನಾನ ಮಾಡಿದ ಮೇಲೆ ಗೆರೆ ಬರುತ್ತೆ."

"ಗೆರೆ ಬಿಡಿಸೋ ಭಾಗಾನ ಮಾತ್ರ ಬೇರೆ ಬೇರೆ ಪ್ರೊಸೆಸರಿಗೆ ಬೇರೆ ಬೇರೆ ಥರ ಮಾಡ್ಬಹುದು ಭಾವ. ಪ್ರೋಗ್ರಾಮು ಶುರುವಾದಾಗ ತಾನು ಎಲ್ಲಿದೀನಿ ಅಂತ ನೋಡ್ಕೊಂಡು ತನಗೆ ಬೇಕಾದ್ದು ಆರಿಸ್ಕೊಳ್ಳುತ್ತೆ. ಟೈಮ್ ಕೊಡಿ, ಮಾಡ್ತೀನಿ."

"ಟೈಮಿಲ್ಲ. ಅದೇನೋ ಸೆಟ್ಟಿಂಗ್ ಇರುತ್ತಂತಲ್ಲ, ಎರಡಿದ್ದಿದ್ದನ್ನ ಮೂರು ಮಾಡೋದು. ಇನ್ನೂ ಏನೇನೋ ಇದೆಯಂತೆ, ಇಂಟರ್ನೆಟ್ಟಲ್ಲಿ ಎಲ್ಲಾ ಬರೆದಿದಾರೆ. ಹಾಕು."

"ಹಾಕಲ್ಲ."

"ಯಾಕೆ?"

"ಬೇಡ ಅಂದ್ರೆ ಬೇಡ."

"ಅಪ್ಪ ನಿಂಗೆ ಇಟ್ಟಿರೋ ಹೆಸರು ಸರಿಯಾಗೇ ಇದೆ" ಎಂದು ಬ್ಯಾಗೆತ್ತಿಕೊಂಡು ಹೋದರು. ಬೋರ್ಡುಗಳಿಗೆ ಬೆಸುಗೆ ಹಾಕುವ ಹೆಂಗಸು ತಲೆ ತಗ್ಗಿಸಿಕೊಂಡು ಮುಸಿಮುಸಿ ನಕ್ಕಳು. ಯಾಕೆ ಬೇಡ ಎಂದು ಬಿಡಿಸಿ ಹೇಳಬಹುದಿತ್ತು. ಆದರೆ ಆ ಮನುಷ್ಯ ಕೇಳುವ ಧಾಟಿಗೇ ನನ್ನ ಬಾಯಿ ಬೀಗ ಹಾಕಿಕೊಳ್ಳುತ್ತದೆ, ಏನು ಮಾಡಲಿ?

ಆ ವಾರ ನನ್ನ ತಂಗಿ ಮನೆ ಬದಲಾಯಿಸಿದಳೆಂದು ಸಹಾಯಕ್ಕೆ ಹೋಗಿದ್ದೆ. ಗಂಡ ಎಂದಿನಂತೆ ಕೆಟ್ಟ ಮೆಷಿನ್ನುಗಳ ಹಿಂದೆ ಊರೂರು ಅಲೆಯುತ್ತಿದ್ದರು. ವಾಪಸು ಬಂದು ನಮ್ಮ ಬೀದಿಗೆ ತಿರುಗುತ್ತಿದ್ದಂತೆಯೇ ಕಿವಿಗೆ ಒಂದು ಸದ್ದು ಬಿತ್ತು. ಗೂಬೆಯ ಎಂದಿನ ಬಿಟ್ಟು ಬಿಟ್ಟು ಬರುವ ಕೂಗಲ್ಲ, ಎಲ್ಲೂ ತುಂಡಾಗದ ಒಂದೇ ಉದ್ದನೆಯ ಸದ್ದು. ಪ್ರೋಗ್ರಾಮು ಸತ್ತರೆ ಮಾತ್ರ ಬರುವ ಸದ್ದು ಅದು. ಅದಕ್ಕೆಂದೇ ಡಬ್ಬದೊಳಗೆ ಒಂದು ಪ್ರತ್ಯೇಕ ಕಾವಲು ಇಟ್ಟಿದ್ದೇವೆ, ಪ್ರೋಗ್ರಾಮು ಉಸಿರಾಡುವುದು ನಿಲ್ಲಿಸಿದರೆ ಅದು ಬೊಬ್ಬೆ ಹೊಡೆಯುತ್ತದೆ.

ಮೇಲೆ ಓಡಿದೆ. ಪರದೆ ಕಪ್ಪಾಗಿತ್ತು. ಮಾವ ಹಾಸಿಗೆಯ ಮೇಲೆ ಎದ್ದು ಕೂತು ಎರಡೂ ಕಿವಿಗೆ ದಿಂಬು ಒತ್ತಿಕೊಂಡು ಇಡೀ ವಂಶಕ್ಕೆ ಬಯ್ಯುತ್ತಿದ್ದರು. ಭಾವ ಡಬ್ಬವನ್ನು ಬುಡಮೇಲು ಮಾಡಿ ತಟ್ಟುತ್ತಿದ್ದರು. ನಾನು ಕರೆಂಟಿನ ವೈರು ಕಿತ್ತೆ.

"ಏನು ಮಾಡಿದ್ರಿ ಭಾವ?"

"ಏನೂ ಇಲ್ಲ. ಒಂದು ಹೊಸ ವರ್ಷನ್ ಮಾಡಿದೆ. ಆಸ್ಪತ್ರೆಗೆ ಹಾಕೋ ಮುಂಚೆ ಮನೇಲೇ ಟ್ರಯಲ್ ನೋಡೋಣ ಅಂತ."

ಕೆಳಗೆ ಬಂದು ನನ್ನ ಕಂಪ್ಯೂಟರ್ ತೆರೆದೆ. ಸೆಟ್ಟಿಂಗಿನ ಸಾಲಿನಲ್ಲಿ ನನ್ನದೆಲ್ಲ ಅಳಿಸಿ ಹೊಸ ಮೂರು ಸೆಟ್ಟಿಂಗು ಕೂರಿಸಿದ್ದರು. ಮೊದಲನೆಯದು, ಮೂರನೆಯ ಮಟ್ಟದ ವೇಗ. ಎರಡನೆಯದು ನೇಟಿವ್. ನೇಟಿವ್ ಕಂಡದ್ದೇ ತಡ, ನನಗೆ ಬಂದ ನಗು ತಡೆಯಲಾಗಲಿಲ್ಲ.

"ಭಾವ, ನೇಟಿವ್ ಅಂದ್ರೆ ಏನಂದ್ಕೊಂಡ್ರಿ?"

"ನೇಟಿವ್ ಅಂದ್ರೆ ನೇಟಿವ್. ಜನ ಕೇಳಲ್ವಾ, ನಿಮ್ಮ ನೇಟಿವ್ ಯಾವ್ದು ಅಂತ? ಹಾಗೇ. ಯಾವ ಮೆಷಿನ್ನಿಗೆ ಹೋಗುತ್ತೋ ಅದರ ನೇಟಿವ್‌ಗೆ ಹೊಂದ್ಕೊಳ್ಳುತ್ತೆ. ಹೋದ ಕಡೆ ಆ ಊರವನೇ ಆಗ್ಬಿಡುತ್ತೆ."

"ಅಯ್ಯೋ ನನ್ನಪ್ಪಾ! ಅದು ಹುಟ್ಟಿದ ಊರು ಭಾವ, ಹೋಗೋ ಊರಲ್ಲ! ಜನ ಕೇಳೋದೂ ಹುಟ್ಟಿದ ಊರೇ ತಾನೆ? ನಿಮ್ಮ ಪ್ರೋಗ್ರಾಮು ಹುಟ್ಟಿದ್ದು ಈ ಮೇಜಿನ ಮೇಲೆ, ಈ ಹೊಸ ಕಂಪ್ಯೂಟರಲ್ಲಿ. ಇಲ್ಲಿನ ಮಾತು ಕಲಿತ್ಕೊಂಡು ಮೇಲಿರೋ ಮುದಿ ಪ್ರೊಸೆಸರ್ ಹತ್ರ ಹೋಗಿ ಮಾತಾಡ್ತು. ಅದಕ್ಕೆ ಒಂದಕ್ಷರ ತಿಳೀಲಿಲ್ಲ, ಮಕಾಡೆ ಬಿತ್ತು!"

ಬೆಸುಗೆಯ ಹೆಂಗಸು ಈ ಸಲ ಬಾಯಿಬಿಟ್ಟೇ ನಕ್ಕಳು. ಪ್ಯಾಕಿಂಗಿನವನು ನಕ್ಕ. ಕಾರಣ ತಿಳಿಯದಿದ್ದರೂ ಟೀ ತಂದವನೂ ನಕ್ಕ. ಭಾವನ ಕಿವಿ ಕೆಂಪಗಾಯಿತು. ಅವರು ನನ್ನನ್ನು ನೋಡಿದ ನೋಟಕ್ಕೆ ಟೀ ಮತ್ತೊಮ್ಮೆ ಕುದಿಯಬೇಕಿತ್ತು. ನನಗೋ ಹಬ್ಬ. ಇಷ್ಟು ವರ್ಷ ಬ್ರೇಕಮ್ಮ ಎನ್ನಿಸಿಕೊಂಡದ್ದಕ್ಕೆ ಬಡ್ಡಿಸಮೇತ ವಾಪಸು ಕೊಟ್ಟ ಸುಖ ಅದು. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

"ಆಯ್ತು ಬಿಡು" ಎಂದರು ಭಾವ, ಹಲ್ಲು ಕಚ್ಚಿಕೊಂಡು. "ನೇಟಿವ್ ತೆಗೆದು ಹಳೇ ಪ್ರೊಸೆಸರಿನ ಹೆಸರು ಹಾಕ್ತೀನಿ. ಆಗ ಸರಿ ತಾನೆ?"

"ಹೆಸರಾದ್ರೂ ನೆಟ್ಟಗೆ ಬರೀರಿ. ನೀವೇ ಕೆಡಿಸಿದ್ದು, ನೀವೇ ರಿಪೇರಿ ಮಾಡ್ಕೊಳ್ಳಿ."

ಟೀ ಲೋಟ ಎತ್ತಿಕೊಂಡು ಬಾಗಿಲಿಗೆ ಹೋಗಿ ನಿಂತೆ. ಆ ಸಾಲಿನ ಮೂರನೆಯ ಸೆಟ್ಟಿಂಗನ್ನು ನಾನು ಓದಲೇ ಇಲ್ಲ. ನಗುವಾಗ ಕಣ್ಣಿಗೆ ಏನು ಕಾಣುತ್ತದೆ?

ಭಾವ ಹೆಸರು ನೆಟ್ಟಗೆ ಬರೆದರು, ಹೊಸ ಪ್ರೋಗ್ರಾಮನ್ನು ಮಾವನ ಡಬ್ಬಕ್ಕೆ ಹಾಕಿದರು. ಈ ಸಲ ಅದು ಓಡಿತು. ಸುಮ್ಮನೆ ಓಡಲಿಲ್ಲ, ಹಸಿರು ಗೆರೆ ನಿಜಕ್ಕೂ ನೀರಿನ ಹಾಗೆ ಹರಿಯಿತು. ಆ ಮುದಿ ಪ್ರೊಸೆಸರಿನಲ್ಲಿ ಇಷ್ಟು ಕಸುವಿದೆಯೆಂದು ನನಗೂ ಗೊತ್ತಿರಲಿಲ್ಲ. ಹೊಟ್ಟೆಯೊಳಗೆ ಕಿಚ್ಚು ಬಿದ್ದ ಹಾಗಾಯಿತು.

ಅದಾದ ಮೇಲೆ ಮನೆಯ ಹವೆಯೇ ಬದಲಾಯಿತು. ಭಾವ ಸಿಳ್ಳೆ ಹಾಕುತ್ತ ಮೆಟ್ಟಿಲಿಳಿಯತೊಡಗಿದರು. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಸದಾ ಕಣ್ಣ ಕೆಳಗೆ ಕಪ್ಪು ಹೊತ್ತು ತಿರುಗುತ್ತಿದ್ದ ಅಕ್ಕನ ಮುಖ ಈಗ ತೊಳೆದಿಟ್ಟಂತಿತ್ತು. ಊಟದ ಮೇಜಿನಲ್ಲಿ ಮಾವ ಹಿರಿಯ ಮಗನ ಬೆನ್ನು ಚಪ್ಪರಿಸಿದರು. ನಾನು ಆ ಮನೆಯಲ್ಲಿ ಕಂಡ ಮೊದಲ ಚಪ್ಪರಿಕೆ ಅದು.

"ಅಂತೂ ಈ ಗೂಬೆಗೆ ಮರ್ಯಾದೆ ಕಲಿಸಿದೆ ಕಣೋ. ಕೆಲವರು ಬರೆದ್ರೆ ಬರೀ ಅರಚಾಟ" ಎಂದು ನನ್ನ ತಟ್ಟೆಯ ಕಡೆ ಗದ್ದ ತೋರಿಸಿದರು.

"ಗೆರೆ ಜೋರಾಗಿ ಹೋದ್ರೆ ಮರ್ಯಾದೇನಾ?" ಎಂದೆ ನಾನು.

"ನೋಡ್ರೋ, ಹೊಟ್ಟೆ ಉರಿಯೋ ವಾಸನೆ ಬರ್ತಿದೆ" ಎಂದರು ಭಾವ. ಮೂವರೂ ನಕ್ಕರು. ನಾನು ಅರ್ಧ ಊಟಕ್ಕೇ ಎದ್ದು ಕೈ ತೊಳೆದೆ.

ಆಸ್ಪತ್ರೆಯವರು ಹೊಸ ವರ್ಷನ್ ನೋಡಿ ಒಪ್ಪಿದರು. ಮಾರನೆಯ ಬೆಳಿಗ್ಗೆಯೇ ಎಲ್ಲ ವಾರ್ಡಿಗೂ ಹಾಕುವುದೆಂದು ಆಯಿತು. ಅವರು ಒಪ್ಪಿದ ದಿನ ಮಧ್ಯಾಹ್ನ ನಾನು ಮುಖ ಊದಿಸಿಕೊಂಡು ನನ್ನ ಮೇಜಿನಲ್ಲಿ ಕೂತಿದ್ದೆ. ಫ್ಯಾನಿನ ಗರಗರ ಬಿಟ್ಟರೆ ಏನೂ ಕೇಳುತ್ತಿರಲಿಲ್ಲ. ಆಗ ಎದುರಿನ ದರ್ಜಿ ಬಾಗಿಲಲ್ಲಿ ತಲೆ ತೂರಿಸಿದ. ಆತ ಜಗಳಕ್ಕಲ್ಲದೆ ನಮ್ಮ ಹೊಸ್ತಿಲು ತುಳಿದವನಲ್ಲ.

"ಏನಮ್ಮಾ, ನಿಮ್ಮ ಶನಿ ಮೆಷಿನ್ನು ಕೆಟ್ಟೋಯ್ತಾ?"

"ಯಾಕೆ?"

"ಮೊನ್ನೆಯಿಂದ ಮಧ್ಯಾಹ್ನ ಒಂದು ಸಲಾನೂ ಕೂಗಿಲ್ಲ. ನಾನು ಅದು ಕೂಗಿದಾಗ್ಲೇ ಊಟಕ್ಕೆ ಏಳೋದು. ಈಗ ನೋಡು, ಊಟದ ಹೊತ್ತು ಮೀರುತ್ತೆ, ಮನೇಲಿ ಬೈಗುಳ ಬಿಸಿಬಿಸಿ ಸಿಗುತ್ತೆ."

"ಇಷ್ಟು ದಿನ ಕೂಗುತ್ತೆ ಅಂತ ಬೈತಿದ್ರಿ, ಈಗ ಕೂಗಲ್ಲ ಅಂತಾನಾ? ಹೋಗ್ರೀ" ಎಂದು ಅಟ್ಟಿದೆ.

ಅಟ್ಟಿದ ಮೇಲೆ ಆ ಮಾತು ಕಿವಿಯಲ್ಲೇ ಉಳಿಯಿತು. ಮಧ್ಯಾಹ್ನ ಕೂಗಿಲ್ಲ ಎಂದರೆ ಮಾವ ಕ್ಲಿಪ್ಪು ತೆಗೆದಿಲ್ಲ ಎಂದು ಅರ್ಥ. ಮಾವ? ಕ್ಲಿಪ್ಪು ತೆಗೆದಿಲ್ಲ? ಆ ಮನುಷ್ಯ ಒಳ್ಳೆಯವನಾಗುವುದಕ್ಕೆ ಇನ್ನೊಂದು ಜನ್ಮ ಬೇಕು. ಮತ್ತೆ ಅವರು ಹೊಗಳಿದ್ದು ಏನನ್ನು? ಗೆರೆಯನ್ನಲ್ಲ. ಮರ್ಯಾದೆ ಕಲಿಸಿದೆ ಎಂದರು. ಅರಚಾಟ ಎಂದರು.

ಸೆಟ್ಟಿಂಗಿನ ಸಾಲು ತೆರೆದೆ. ಮೂರನೆಯ ಸೆಟ್ಟಿಂಗು ಅಲ್ಲೇ ಕೂತಿತ್ತು: ಫಾಸ್ಟ್ ಮ್ಯಾತ್. ಜೋರು ಲೆಕ್ಕ.

ಕ್ಲಿಪ್ಪಿನಿಂದ ಏನೂ ಬಾರದಿದ್ದಾಗ ನಮ್ಮ ಪ್ರೋಗ್ರಾಮು ಆಕ್ಸಿಜನ್ನಿನ ಜಾಗದಲ್ಲಿ ಒಂದು ಗುರುತು ಇಡುತ್ತದೆ. ಇದು ಸಂಖ್ಯೆಯೇ ಅಲ್ಲ ಎನ್ನುವ ಗುರುತು. ಮುಂದಿನ ಸಾಲಿನಲ್ಲಿ ನಾನು ಕೇಳುತ್ತೇನೆ: ಇದು ಸಂಖ್ಯೆಯಲ್ಲವೋ? ಹಾಗಾದರೆ ಪರದೆಯ ಸಂಖ್ಯೆ ಅಳಿಸಿ ಕೂಗು. ಫಾಸ್ಟ್ ಮ್ಯಾತ್ ಹಾಕುವುದೆಂದರೆ ಕಂಪೈಲರಿಗೆ ಭಾಷೆ ಕೊಟ್ಟ ಹಾಗೆ, ನಮ್ಮಲ್ಲಿ ಸಂಖ್ಯೆಯಲ್ಲದ್ದು ಯಾವತ್ತೂ ಬರುವುದಿಲ್ಲ, ನೀನು ಧೈರ್ಯವಾಗಿ ಲೆಕ್ಕ ಮಾಡು ಎಂದು. ಕಂಪೈಲರು ನಮ್ಮ ಮಾತನ್ನು ನಂಬುತ್ತದೆ. ಬರುವುದೇ ಇಲ್ಲವೆಂದ ಮೇಲೆ ಬಂತೇ ಎಂದು ಕೇಳುವುದೇಕೆ ಎಂದು ಆ ಸಾಲನ್ನೇ ಎತ್ತಿ ಎಸೆದುಬಿಡುತ್ತದೆ. ನೇಟಿವ್ ಮಾಡಿದ ತಪ್ಪು ಬೀದಿಗೆಲ್ಲ ಕೇಳಿತ್ತು. ಈ ತಪ್ಪು ಯಾರಿಗೂ ಕೇಳುವುದಿಲ್ಲ.

ಮೆಟ್ಟಿಲು ಹೇಗೆ ಹತ್ತಿದೆನೋ ತಿಳಿಯದು. ಒಂದು ಚಪ್ಪಲಿ ಅಲ್ಲೇ ಉಳಿಯಿತು. ಅಕ್ಕ ನಡುಮನೆಯ ಸೋಫಾದ ಮೇಲೆ ಮುಖಕ್ಕೆ ಸೆರಗು ಹಾಕಿಕೊಂಡು ಗಾಢ ನಿದ್ದೆಯಲ್ಲಿದ್ದರು. ಮಾವನ ಕೋಣೆಯ ಬಾಗಿಲು ತಳ್ಳಿದೆ.

ಕ್ಲಿಪ್ಪು ಮೇಜಿನ ಮೇಲೆ ಅವರ ಕನ್ನಡಕದ ಕಡ್ಡಿಗೆ ಸಿಕ್ಕಿಕೊಂಡಿತ್ತು. ಪರದೆಯಲ್ಲಿ ಯಾವಾಗಿನದೋ ತೊಂಬತ್ತಾರು ಹಾಗೇ ನಿಂತಿತ್ತು, ಒಬ್ಬ ಆರೋಗ್ಯವಂತನ ತೊಂಬತ್ತಾರು. ಮಾವ ಅಂಗಾತ ಮಲಗಿದ್ದರು, ಬಾಯಿ ತೆರೆದಿತ್ತು. ತುಟಿ ನೀಲಿಗಟ್ಟಿತ್ತು. ಎದೆ ಏರಲಿಲ್ಲ. ನಾನು ಬಾಗಿಲಲ್ಲಿ ನಿಂತು ಕಾದೆ, ಏರೀತು, ಈಗ ಏರೀತು ಎಂದು. ಏರಲಿಲ್ಲ.

"ಮಾವ! ಮಾವ!"

ಭುಜ ಹಿಡಿದು ಅಲುಗಾಡಿಸಿದೆ. ತಲೆ ದಿಂಬಿನ ಮೇಲೆ ಆ ಕಡೆ ಈ ಕಡೆ ವಾಲಿತು, ಅಷ್ಟೇ. ಕೆನ್ನೆಗೆ ಒಂದು ಬಿಟ್ಟೆ. ಮತ್ತೊಂದು ಬಿಟ್ಟೆ, ಇದ್ದ ಬಲವೆಲ್ಲ ಹಾಕಿ. ಸಾಯಬೇಡಿ, ಸಾಯಬೇಡಿ, ಬಯ್ಯುವುದಕ್ಕೆ ನನಗೆ ಇನ್ನಾರಿದ್ದಾರೆ ಎಂದು ಕೂಗುತ್ತಿದ್ದೆನಂತೆ. ಅಕ್ಕ ಆಮೇಲೆ ಹೇಳಿದ್ದು, ನನಗೆ ನೆನಪಿಲ್ಲ.

ಮಾವನ ಗಂಟಲಲ್ಲಿ ಗೊರ್ರೆಂದು ಒಂದು ಸದ್ದು ಬಂತು. ಎದೆ ಒಮ್ಮೆಲೆ ಎದ್ದಿತು. ಕೆಮ್ಮಿದರು, ಮತ್ತೆ ಕೆಮ್ಮಿದರು, ಕಣ್ಣು ಬಿಟ್ಟರು. ಆ ಕಣ್ಣಲ್ಲಿ ಮೊದಲು ಗಾಬರಿ ಇತ್ತು. ಆಮೇಲೆ ನಾನೆಂದು ಗೊತ್ತಾಗಿ ಎಂದಿನ ದ್ವೇಷ ಬಂತು. ಅದನ್ನು ನೋಡಿ ನನಗೆ ಎಷ್ಟು ಸಮಾಧಾನವಾಯಿತೆಂದು ಹೇಳಲಾರೆ.

"ಹೊ... ಹೊಡೆದ್ಯಾ ನನ್ನ?"

"ಹೊಡೆದೆ. ಸಾಲ್ದಿದ್ರೆ ಹೇಳಿ."

"ಅಯ್ಯಯ್ಯೋ!" ಎಂದು ಬಾಗಿಲಲ್ಲಿ ಅಕ್ಕನ ದನಿ. "ಏನೇ ಇದು, ಮಾವನ ಮೇಲೆ ಕೈಮಾಡ್ತಿದೀಯಾ? ರೀ, ಬನ್ರೀ ಇಲ್ಲಿ! ಇವಳಿಗೆ ತಲೆ ಕೆಟ್ಟಿದೆ!"

ಭಾವ ಓಡಿ ಬಂದರು. ಬಂದವರೇ ನನ್ನ ತೋಳು ಹಿಡಿದು ಎಳೆದರು. ನಾನು ಕೊಡವಿಕೊಂಡೆ. ಕನ್ನಡಕದ ಕಡ್ಡಿಯಿಂದ ಕ್ಲಿಪ್ಪು ಕಿತ್ತು ಮಾವನ ಬೆರಳಿಗೆ ಸಿಕ್ಕಿಸಿದೆ. ತೊಂಬತ್ತಾರು ಹಾರಿಹೋಗಿ ಎಪ್ಪತ್ತೊಂಬತ್ತು ಬಂತು, ಗೂಬೆ ಗಂಟಲು ಹರಿದುಕೊಂಡಿತು. ಕ್ಲಿಪ್ಪು ಕಿತ್ತೆ. ನಿಶ್ಶಬ್ದ. ಹಾಕಿದೆ, ಕೂಗಿತು. ಕಿತ್ತೆ, ಸುಮ್ಮನಾಯಿತು. ಪರದೆಯಲ್ಲಿ ಕೊನೆಯ ಸಂಖ್ಯೆ ಏನೂ ಆಗದವರ ಹಾಗೆ ಕೂತಿತು.

"ನೋಡಿ ಭಾವ, ನಿಮ್ಮ ಜೋರು ನೋಡಿ! ಹುಷಾರಿಲ್ಲ ಅಂದ್ರೆ ಕೂಗುತ್ತೆ, ಮನುಷ್ಯಾನೇ ಇಲ್ಲ ಅಂದ್ರೆ ಬಾಯಿ ಮುಚ್ಕೊಳ್ಳುತ್ತೆ! ನಾನು ಬರೋವಾಗ ನಿಮ್ಮಪ್ಪ ಉಸಿರಾಡ್ತಿರ್ಲಿಲ್ಲ. ಮೆಷಿನ್ನು ತೊಂಬತ್ತಾರು ತೋರಿಸ್ತಿತ್ತು!"

ಭಾವ ಪರದೆಯನ್ನು ನೋಡಿದರು, ಅಪ್ಪನ ತುಟಿ ನೋಡಿದರು. ಅಕ್ಕ ಬಾಗಿಲ ಚೌಕಟ್ಟಿಗೆ ಒರಗಿದರು.

"ಅವರು ಕ್ಲಿಪ್ ತೆಗೀತಿದ್ದಿದ್ದು ನಂಗೆ ಗೊತ್ತಿತ್ತು" ಎಂದರು. "ಕೂಗ್ಲಿಲ್ವಲ್ಲ, ಕೂಗ್ದಿದ್ರೆ ಪರವಾಗಿಲ್ಲ ಅಂತಾನೇ ಅಂದ್ಕೊಂಡೆ. ಹೊಸ ಪ್ರೋಗ್ರಾಮಿಗೆ ಗೊತ್ತಿರುತ್ತೆ ಅಂತ. ನಂಗೂ ನಿದ್ದೆ ಬೇಕಿತ್ತು ಕಣೇ! ಎಷ್ಟು ವರ್ಷದಿಂದ ಓಡ್ತಿದೀನಿ ಈ ಕೋಣೆಗೆ, ಒಂದು ಮಧ್ಯಾಹ್ನ ಮನುಷ್ಯರ ಹಾಗೆ ಮಲಗಬಾರ್ದಾ?"

ಭಾವ ನನ್ನತ್ತ ತಿರುಗಿದರು.

"ನೀನು ಹೇಳ್ಬೇಕಿತ್ತು" ಎಂದರು. ದನಿಯಲ್ಲಿ ಜೋರಿರಲಿಲ್ಲ. "ಆ ಸಾಲು ನಿನ್ನ ಕಣ್ಣ ಮುಂದೇನೇ ಇತ್ತು. ನೀನು ನಗ್ತಾ ಕೂತಿದ್ದೆ."

"ನೀವು ಮುಟ್ಟಬಾರದಿತ್ತು!"

"ಯಾಕೆ ಮುಟ್ಟಬಾರದು ಅಂತ ಕೇಳಿದ್ನಲ್ಲ. ಬೇಡ ಅಂದ್ರೆ ಬೇಡ ಅಂದೆ. ಅಷ್ಟೇ ತಾನೆ ನೀನು ಹೇಳಿದ್ದು?"

ನಾನು ಇನ್ನೂ ಜೋರಾಗಿ ಕಿರುಚಿದೆ, ಅವರೂ ಕಿರುಚಿದರು, ಅಕ್ಕ ಇಬ್ಬರ ಮೇಲೂ ಕಿರುಚಿದರು. ಮೂವರ ಕೆಳಗಿನಿಂದ ಮಾವನ ಒಡೆದ ದನಿ ಬಂತು.

"ಯಾವ ಸೆಟ್ಟಿಂಗು?"

ಹೇಳಿದೆ. ಎರಡೇ ಮಾತು. ಅವರು ಪ್ರೋಗ್ರಾಮು ಬರೆಯುವುದು ಬಿಟ್ಟು ಯಾವ ಕಾಲವಾಗಿತ್ತೋ, ಆದರೂ ಬಿಡಿಸಿ ಹೇಳಬೇಕಾಗಲಿಲ್ಲ. ಕಣ್ಣು ಮುಚ್ಚಿದರು. ಉಸಿರು ನಿಂತಿತೇನೋ ಎಂದು ನಾನು ಬಾಗಿದೆ.

"ದೂರ ನಿಲ್ಲೇ. ಇನ್ನೂ ಬದುಕಿದೀನಿ" ಎಂದರು. ಆಮೇಲೆ ಮಗನಿಗೆ, "ನಾಳೆ ಆಸ್ಪತ್ರೆಗೆ ಹಾಕ್ತಿರೋದು ಇದನ್ನೇನಾ?"

"ಅವರು ಒಪ್ಪಿ ಆಗಿದೆ ಅಪ್ಪ. ಗೆರೆ ನೋಡಿಯೇ ಒಪ್ಪಿದ್ದು. ಹಳೇದು ಕೊಟ್ರೆ ಬೇಡ ಅಂತಾರೆ." ಭಾವ ನೆಲ ನೋಡುತ್ತ ತುಟಿ ಕಚ್ಚಿದರು. "ನಾಳೆ ಒಂದಿನ ಹಾಕಿ, ಆಮೇಲೆ ಇವಳು ಸರಿ ಮಾಡಿಕೊಟ್ಟಿದ್ದು ಹಾಕಿದ್ರೆ... ಅಲ್ಲಿ ನರ್ಸ್‌ಗಳು ಇದ್ದೇ ಇರ್ತಾರಲ್ಲ."

"ಇಲ್ಲಿ ನಿನ್ನ ಹೆಂಡ್ತಿ ಇರ್ಲಿಲ್ವೇನೋ?"

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಭಾವ ಜೇಬಿನಿಂದ ಫೋನು ತೆಗೆದು, ಕೋಣೆಯಿಂದ ಹೊರಗೆ ಹೋಗದೆ, ನಮ್ಮೆಲ್ಲರ ಮುಂದೆಯೇ ಆಸ್ಪತ್ರೆಗೆ ಹೇಳಿದರು. ತಾನು ತೋರಿಸಿದ ವರ್ಷನ್ನಿನಲ್ಲಿ ಪ್ರಾಣಕ್ಕೆ ಕುತ್ತು ತರುವ ತಪ್ಪಿದೆ, ಅದನ್ನು ಹಾಕುವುದಿಲ್ಲ, ಹಾಕುವುದು ಕುಂಟುವ ಗೆರೆಯದೇ, ಬೇಕಾದರೆ ತೆಗೆದುಕೊಳ್ಳಿ ಇಲ್ಲದಿದ್ದರೆ ಬಿಡಿ ಎಂದು. ಆ ಕಡೆಯಿಂದ ಏನೋ ಜೋರಾಗಿ ಕೇಳಿಸುತ್ತಿತ್ತು. ಭಾವ ಹೂಂ ಹೂಂ ಎನ್ನುತ್ತ ಎಲ್ಲವನ್ನೂ ಕೇಳಿಸಿಕೊಂಡರು. ಆ ಆಸ್ಪತ್ರೆ ಮತ್ತೆ ನಮ್ಮ ಬಾಗಿಲಿಗೆ ಬರಲಿಲ್ಲ. ಅದನ್ನು ಭಾವ ಇವತ್ತಿಗೂ ನನ್ನ ಲೆಕ್ಕಕ್ಕೇ ಬರೆಯುತ್ತಾರೆ.

ನಾನು ಕೆಳಗಿಳಿದು ನನ್ನ ಹಳೆಯ ಸೆಟ್ಟಿಂಗಿನ ಸಾಲನ್ನು ಮತ್ತೆ ಬರೆದೆ. ಮುದಿ ಪ್ರೊಸೆಸರಿನ ಅಪ್ಪಣೆಗಳು, ಎರಡನೆಯ ಮಟ್ಟ, ಲೆಕ್ಕದ ತಂಟೆ ಬೇಡ. ಈ ಸಲ ಪ್ರತಿಯೊಂದರ ಪಕ್ಕದಲ್ಲೂ ಯಾಕೆ ಎಂದು ಬರೆದೆ, ಭಾವನಿಗೂ ತಿಳಿಯುವ ಭಾಷೆಯಲ್ಲಿ. ಕಂಪೈಲ್ ಮಾಡಿ ಮೇಲೆ ತಂದು ಡಬ್ಬಕ್ಕೆ ಹಾಕಿದೆ. ಹಸಿರು ಗೆರೆ ಮತ್ತೆ ಕುಂಟುತ್ತ ಹೊರಟಿತು.

ಅಷ್ಟರಲ್ಲಿ ಮಾವ ದಿಂಬಿಗೆ ಒರಗಿ ಕೂತಿದ್ದರು. ಎಡಗೆನ್ನೆಯ ಮೇಲೆ ನನ್ನ ಬೆರಳುಗಳ ಗುರುತು ಕೆಂಪಗೆ ಎದ್ದು ಕಾಣುತ್ತಿತ್ತು. ನನ್ನನ್ನು ಒಮ್ಮೆ ನೋಡಿದರು. ಆಮೇಲೆ ನಿಧಾನವಾಗಿ ಕ್ಲಿಪ್ಪನ್ನು ಬೆರಳಿನಿಂದ ಕಳಚಿ ಹೊದಿಕೆಯ ಮೇಲೆ ಹಾಕಿದರು.

ಗೂಬೆ ಕೂಗಿತು. ಬೀದಿಯ ಆಚೆ ದರ್ಜಿಯ ಅಂಗಡಿಯ ಕುರ್ಚಿ ಕರ್ರೆಂದು ಸರಿಯಿತು, ಪಾಪ, ಊಟಕ್ಕೆ ಎದ್ದನೇನೋ. ನಮ್ಮಲ್ಲಿ ಯಾರೂ ಅಲುಗಲಿಲ್ಲ. ಅಕ್ಕ ಓಡಲಿಲ್ಲ, ಭಾವ ಕಿವಿ ಮುಚ್ಚಿಕೊಳ್ಳಲಿಲ್ಲ.

"ಥೇಟ್ ನಿನ್ನ ಥರಾನೇ" ಎಂದರು ಮಾವ, ಆ ಕೂಗಿನ ಮೇಲೆ ದನಿ ಏರಿಸಿ.

ನಾನು ಕ್ಲಿಪ್ಪನ್ನು ಎತ್ತಿ ಅವರ ಮುಂದೆ ಹಿಡಿದೆ, ಎಂದಿನಂತೆ ಕಿತ್ತುಕೊಳ್ಳಲಿ ಎಂದು. ಅವರು ಕಿತ್ತುಕೊಳ್ಳಲಿಲ್ಲ. ಮುಖ ಗೋಡೆಯ ಕಡೆ ತಿರುಗಿಸಿ, ಬೆರಳು ಮಾತ್ರ ನನ್ನ ಕಡೆ ಚಾಚಿದರು.

"ಹಾಕು" ಎಂದರು. "ಹೊಡೆದ ಕೈಯಲ್ಲೇ ಹಾಕು."